ಪಕ್ಕವಾದ್ಯದ ಕುತ್ತಿಗೆ

ಲಕ್ಷ್ಮೀಶರಾಯರು ಮಾಡಿದ ತಪ್ಪು ಒಂದೇ. ಶನಿವಾರ ಬೆಳಿಗ್ಗೆ ಆರು ಗಂಟೆಗೆ, ಕಾಫಿ ಕೂಡ ಕುಡಿಯದೆ, ಒಂದು ಪೋಸ್ಟರನ್ನು ಮೆಲ್ಬರ್ನ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು.

ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಹಸಿರು ಹಿನ್ನೆಲೆ, ಸುತ್ತ ಬಳ್ಳಿ ಹೆಣೆದಂತೆ ಒಂದು ಚಿತ್ತಾರ, ಕೆಳಗೆ ‘ಕೆಲ್ಟಿಕ್ ಜನಪದ ಸಂಗೀತ, ಸಿಡ್ನಿಯ ಚಾಟ್ಸ್‌ವುಡ್, ಇವತ್ತು ಸಂಜೆ ಐದಕ್ಕೆ’ ಎಂಬ ಇಂಗ್ಲಿಷ್ ಸಾಲು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ‘ಲಕ್ಷ್ಮೀಶ ಮತ್ತು ಹ್ಯಾಮಿಶ್’. ಆ ‘ಮೇಲೆ’ಗಾಗಿ ರಾಯರು ಐವತ್ತೆರಡು ವರ್ಷ ಕಾದಿದ್ದರು.

ಮೈಸೂರಿನಲ್ಲಿ ಹನ್ನೆರಡನೇ ವಯಸ್ಸಿಗೆ ಪಿಟೀಲು ಹಿಡಿದವರು. ಅಂದಿನಿಂದ ಇಂದಿನವರೆಗೂ ಪಕ್ಕವಾದ್ಯ. ಮುಂದೆ ಹಾಡುವವರು ಯಾರೋ, ಇವರು ಪಕ್ಕದಲ್ಲಿ. ಕರಪತ್ರದಲ್ಲಿ ಹೆಸರು ಯಾವಾಗಲೂ ಕೊನೆಯ ಸಾಲು, ಅದೂ ಜಾಗ ಉಳಿದರೆ. ಒಮ್ಮೆ ‘ಲಕ್ಷ್ಮೀಪತಿ’ ಎಂದು ಅಚ್ಚಾಯಿತು. ಇನ್ನೊಮ್ಮೆ ‘ಕುಮಾರಿ ಲಕ್ಷ್ಮಿ’ ಎಂದು ಅಚ್ಚಾಗಿ, ವೇದಿಕೆ ಹತ್ತಿದ ಮೀಸೆಯನ್ನು ನೋಡಿ ಸಭಿಕರು ಕಂಗಾಲಾದರು. ಹಾಡಿದವರಿಗೆ ಗಂಧದ ಹಾರ, ಜರಿ ಶಾಲು, ಹಣ್ಣಿನ ಬುಟ್ಟಿ. ಪಿಟೀಲಿನವನಿಗೆ ಮೈ ಒರೆಸಲು ಕೂಡ ಸಾಲದ ಒಂದು ಶಾಲು, ಜೊತೆಗೆ ‘ಅವರೂ ಚೆನ್ನಾಗಿ ಸಹಕರಿಸಿದರು’ ಎಂಬ ಒಂದು ಮಾತು. ಯಾರಿಗೆ ಬೇಕು ಆ ಸಹಕಾರ? ಇವರೇನು ಸಹಕಾರಿ ಬ್ಯಾಂಕೇ?

ಮೆಲ್ಬರ್ನಿಗೆ ಬಂದು ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದರೂ ಈ ಹಣೆಬರಹ ಬದಲಾಗಲಿಲ್ಲ. ಇಲ್ಲಿ ಇಪ್ಪತ್ತೆರಡು ವರ್ಷದಿಂದ ಅನಸೂಯಮ್ಮನವರಿಗೆ ಪಿಟೀಲು. ಯುಗಾದಿಗೆ ಅವರೇ ಹಾಡಬೇಕು, ಗಣೇಶನಿಗೆ ಅವರೇ, ರಾಜ್ಯೋತ್ಸವಕ್ಕೂ ಅವರೇ. ಕಂಠ ಚೆನ್ನಾಗಿತ್ತು, ಅದನ್ನು ಇಲ್ಲ ಎನ್ನುವ ಹಾಗಿಲ್ಲ. ಅವರು ಎತ್ತಿಕೊಂಡದ್ದನ್ನು ಇವರು ಅರ್ಧ ಮಾತ್ರೆ ಹಿಂದೆ ನೆರಳಿನಂತೆ ಹಿಡಿಯಬೇಕು. ಅದು ಪಕ್ಕವಾದ್ಯದ ಧರ್ಮ. ಮುಂದೆ ಹೋದರೆ ಉದ್ಧಟ, ತೀರಾ ಹಿಂದೆ ಬಿದ್ದರೆ ದಡ್ಡ. ಮುಂದಿನದು ಏನು ಬರುತ್ತದೋ ಎಂದು ಹಾಡುವವರ ಬಾಯನ್ನೇ ಓರೆಯಾಗಿ ನೋಡುತ್ತ ಕೂತು ಕೂತು ರಾಯರ ಕುತ್ತಿಗೆ ಕೊನೆಗೆ ಎಡಕ್ಕೇ ನಿಂತುಬಿಟ್ಟಿತು.

ಆ ಕುತ್ತಿಗೆಯಿಂದಲೇ ಹ್ಯಾಮಿಶ್ ಸಿಕ್ಕಿದ್ದು. ಕಳೆದ ವರ್ಷ ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ, ಅಲ್ಲಿ ಬಲಕ್ಕೆ ತಿರುಗಿದ ಕುತ್ತಿಗೆಯ ಇನ್ನೊಬ್ಬ ಮುದುಕ ಕೂತಿದ್ದ. ಇವನ ಅಜ್ಜ ಸ್ಕಾಟ್ಲೆಂಡಿನಿಂದ ಬಂದವನು. ಇವನು ಮೂವತ್ತು ವರ್ಷ ಟ್ರಾಮ್ ಓಡಿಸಿದವನು, ಸಂಜೆ ಪಬ್ಬುಗಳಲ್ಲಿ ಭಾವಮೈದುನನ ಹಾಡಿಗೆ ಅಕಾರ್ಡಿಯನ್ ನುಡಿಸಿದವನು. ಆ ಭಾವಮೈದುನ ಅದಕ್ಕೆ ಸ್ವಲ್ಪ ಮೊದಲು ಬೇರೊಬ್ಬ ಅಕಾರ್ಡಿಯನ್‌ನವನನ್ನು ಹುಡುಕಿಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೊರಟುಹೋಗಿದ್ದ. “ಇಷ್ಟು ವರ್ಷ ಇಬ್ಬರೂ ಏನನ್ನು ನೋಡ್ತಿದ್ರಿ?” ಎಂದು ಫಿಸಿಯೋ ಹುಡುಗಿ ಕೇಳಿದಳು. “ಭಾವಮೈದುನನ್ನ,” ಎಂದ ಹ್ಯಾಮಿಶ್. “ಅನಸೂಯಮ್ಮನ್ನ,” ಎಂದರು ರಾಯರು. ಇಬ್ಬರ ಕಣ್ಣಲ್ಲೂ ನೀರು ಬಂತು.

ಕಾಯುವ ಕೋಣೆಯಲ್ಲಿ ಹ್ಯಾಮಿಶ್ ಅಜ್ಜನ ಹಳ್ಳಿಯ ಒಂದು ಹಳೆಯ ಧಾಟಿ ಗುನುಗಿದ. ಅಚ್ಚ ಮೋಹನ ರಾಗ! ರಾಯರು ತೊಡೆ ತಟ್ಟಿದರು. ಜೋಡಿ ಅಲ್ಲೇ ಹುಟ್ಟಿತು. ಅಂದಿನಿಂದ ಪ್ರತಿ ಭಾನುವಾರ ಟ್ರುಗನಿನಾ ಬಡಾವಣೆಯ ರಾಯರ ಮನೆಯಲ್ಲಿ ಅಭ್ಯಾಸ. ಇವರು ಕಾರ್ಪೆಟ್ ಮೇಲೆ, ಹ್ಯಾಮಿಶ್ ಊಟದ ಕುರ್ಚಿಯ ಮೇಲೆ. ರಾಯರ ಹೆಂಡತಿ ಹೇಮಲತಾ ಅಡುಗೆಮನೆಯಿಂದ, “ಹ್ಞೂಂ, ಶುರು ಮಾಡ್ರೀ! ಕುಕ್ಕರ್ ಮೂರು ಕೂಗೋದ್ರೊಳಗೆ ಒಂದಾದ್ರೂ ಮುಗೀಲಿ!” ಎಂದು ಕೂಗುವರು. ಇವರು ನುಡಿಸುವರು. ನಿಜಕ್ಕೂ ಚೆನ್ನಾಗಿ ನುಡಿಸುವರು. ಸಿಡ್ನಿಯಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಕೆಲ್ಟಿಕ್ ಹಾಡು ನಡೆಸುವ ಒಂದು ಜನಪದ ಸಂಗೀತ ಕೂಟ ಇವರ ರೆಕಾರ್ಡಿಂಗ್ ಕೇಳಿ ಇಪ್ಪತ್ತು ನಿಮಿಷ ಕೊಟ್ಟಿತು. ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬಂದಾಗ ಹ್ಯಾಮಿಶ್, “ನಿಂದೇ ಇರಲಿ, ನಂಗೆ ಅಭ್ಯಾಸ ಇಲ್ಲ,” ಎಂದಿದ್ದ.

ಪೋಸ್ಟರ್ ಹಾಕಿ ಐದು ನಿಮಿಷ ಆಗಿರಲಿಲ್ಲ, ಬಾಗಿಲು ಬಡಿಯಿತು. ಪಕ್ಕದ ಮನೆಯ ತ್ರಿವಿಕ್ರಮ. ಕನ್ನಡ ಸಂಘದ ಅಧ್ಯಕ್ಷ. ಮೂರು ಸಲ ಅವಿರೋಧವಾಗಿ ಗೆದ್ದವನು, ಏಕೆಂದರೆ ವಿರೋಧಿಸಲು ಹೊರಟವರ ಮನೆಗೆಲ್ಲ ಹೋಗಿ ಕೂತುಬಿಡುತ್ತಿದ್ದ.

“ಏನ್ ಸಾರ್ ಇದು! ಇಷ್ಟು ದೊಡ್ಡ ಪ್ರೋಗ್ರಾಂ, ಸಂಘಕ್ಕೊಂದು ಮಾತಿಲ್ಲ! ನಡೀರಿ, ಏರ್‌ಪೋರ್ಟ್‌ಗೆ ನಾನೇ ಡ್ರಾಪ್ ಮಾಡ್ತೀನಿ.”

“ಟ್ಯಾಕ್ಸಿ ಬುಕ್ ಮಾಡಿದೀನಪ್ಪ.”

“ಕ್ಯಾನ್ಸಲ್ ಮಾಡಿ. ಆಮೇಲೆ ಇನ್ನೊಂದು ಸಾರ್. ಅನಸೂಯಮ್ಮ ಅಲ್ಲೇ ಇದಾರಲ್ಲ, ಮಗಳು ನಿವೇದಿತಾ ಮನೇಲಿ. ಅದೇ ಚಾಟ್ಸ್‌ವುಡ್ಡು!”

“ಅವರು ಮೈಸೂರಿಗೆ ಹೋಗಿದಾರಲ್ವಾ?”

“ಬಂದು ನಾಕ್ ದಿನ ಆಯ್ತು ಸಾರ್! ಪೋಸ್ಟರ್ ಆಗ್ಲೇ ಫಾರ್ವರ್ಡ್ ಮಾಡ್ದೆ. ಅವರ ಶ್ರುತಿ ಪೆಟ್ಟಿಗೆ ನಮ್ಮ ಸಂಘದ ಬೀರುನಲ್ಲೇ ಉಳ್ಕೊಂಡಿತ್ತು, ತಂದಿದೀನಿ. ಹೇಗೂ ಹೋಗ್ತಿದೀರಲ್ಲ, ಕೊಟ್ಬಿಡಿ.”

ಇದಪ್ಪ ಗ್ರಹಚಾರ! ಅನಸೂಯಮ್ಮ ಮೈಸೂರಿನಲ್ಲಿದ್ದಾರೆ ಎಂಬ ಒಂದೇ ಧೈರ್ಯದ ಮೇಲೆ ರಾಯರು ಈ ದಿನವನ್ನು ಒಪ್ಪಿಕೊಂಡಿದ್ದರು. ಈಗ ಅವರ ಶ್ರುತಿ ಪೆಟ್ಟಿಗೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು. ‘ನಾನೇನು ನಿಮ್ಮ ಹಮಾಲಿಯಾ?’ ಎಂದು ಕೇಳಬೇಕೆಂದು ಬಾಯಿ ತೆರೆದರು. “ಕೊಡಿ,” ಎಂದಿತು ಬಾಯಿ.

ಹೇಮಲತಾ ಬರುವ ಹಾಗಿರಲಿಲ್ಲ. ಕ್ಲೇಟನ್ನಿನ ಆಸ್ಪತ್ರೆಯ ಲ್ಯಾಬಿನಲ್ಲಿ ಅವರಿಗೆ ಶನಿವಾರದ ಶಿಫ್ಟು. “ನಾನ್ ಬರ್ಬೇಕಿತ್ತು ಕಣ್ರಿ. ಯಾಕೋ ಸಮಾಧಾನ ಇಲ್ಲ,” ಎಂದರು.

“ನೀನ್ ಬಂದು ಏನ್ ಮಾಡ್ತಿದ್ದೆ? ನುಡಿಸೋರು ನಾವು,” ಎಂದರು ರಾಯರು.

ದಾರಿಯಲ್ಲಿ ತ್ರಿವಿಕ್ರಮ ಮೂರು ಕಡೆ ಕಾರು ನಿಲ್ಲಿಸಿ, ರಾಯರನ್ನು ಮೂರು ಗಿಡಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದು ಗುಂಪಿಗೆ ಹಾಕಿದ. ವಿಮಾನ ಹೊರಡಲು ನಲವತ್ತು ನಿಮಿಷ ಇದ್ದಾಗ ನಿಲ್ದಾಣ ಮುಟ್ಟಿದರೆ, ಹ್ಯಾಮಿಶ್ ಆಗಲೇ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ ಚೌಕಳಿ ಕಿಲ್ಟ್ ಉಟ್ಟು, ಎದೆಗೆ ಅಕಾರ್ಡಿಯನ್ ಕಟ್ಟಿಕೊಂಡು, ಬಾಣಂತಿ ಕೂಸು ಹಿಡಿದ ಹಾಗೆ ನಿಂತಿದ್ದ.

ತಪಾಸಣೆಯಲ್ಲಿ ಪಿಟೀಲು ಹೋಯಿತು, ಅಕಾರ್ಡಿಯನ್ ಹೋಯಿತು. ಶ್ರುತಿ ಪೆಟ್ಟಿಗೆ ಹೋಗಲಿಲ್ಲ. ಅದರ ಸ್ವಿಚ್ಚು ಸಡಿಲವಾಗಿತ್ತು. ಯಂತ್ರದ ಹೊಟ್ಟೆಯೊಳಗೆ ಹೋದದ್ದೇ, ‘ಪ ಸ ಸ ಸಾ’ ಎಂದು ಗುಂಯ್‌ಗುಡತೊಡಗಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಇನ್ನಿಬ್ಬರು ಓಡಿ ಬಂದರು. ಹಿಂದಿನ ಸಾಲಿನವರೆಲ್ಲ ಬೆಲ್ಟು ಕೈಯಲ್ಲಿ ಹಿಡಿದು ರಾಯರನ್ನೇ ನೋಡಿದರು.

“ಏನಿದು?”

“ಮ್ಯೂಸಿಕ್ ಬಾಕ್ಸ್ ಸಾರ್. ತಂಬೂರಿ ಥರ.”

“ಇದು ಏನು ಮಾಡುತ್ತೆ?”

ರಾಯರಿಗೆ ರೇಗಿತು. “ಏನೂ ಮಾಡಲ್ಲ. ಒಬ್ಬರು ಹಾಡ್ತಾರೆ, ಇದು ಸುಮ್ನೆ ಅವರ ಹಿಂದೆ ಇರುತ್ತೆ. ಯಾರೂ ಇದನ್ನ ನೋಡಲ್ಲ. ಇಲ್ದಿದ್ರೆ ಮಾತ್ರ ಹಾಡಕ್ಕಾಗಲ್ಲ.”

ಇಷ್ಟು ಹೇಳಿ ಅವರು ಕಣ್ಣೊರೆಸಿಕೊಂಡರು. ಪೆಟ್ಟಿಗೆಯ ವಿಷಯಕ್ಕೆ ಕಣ್ಣೀರು ಹಾಕುವ ಮುದುಕನನ್ನು ಆ ಅಧಿಕಾರಿ ಎಂದೂ ನೋಡಿರಲಿಕ್ಕಿಲ್ಲ. ಪೆಟ್ಟಿಗೆಯನ್ನು ಮೂರು ಸಲ ಒರೆಸಿ, ಒರೆಸಿದ ಬಟ್ಟೆಯನ್ನು ಪರೀಕ್ಷೆಗೆ ಹಾಕಿ, ಕೊನೆಗೆ ಕಳಿಸಿಕೊಟ್ಟ. ಇಬ್ಬರೂ ಓಡೋಡಿ ವಿಮಾನ ಹತ್ತಿದರು.

ಸಭಾಂಗಣ ಚಾಟ್ಸ್‌ವುಡ್ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಇನ್ನೂರು ಕುರ್ಚಿ, ಬಹುತೇಕ ತುಂಬಿದ್ದವು. ಬಾಗಿಲಲ್ಲಿ ಅದೇ ಹಸಿರು ಪೋಸ್ಟರ್, ಆಳೆತ್ತರ. ‘ಲಕ್ಷ್ಮೀಶ’ ಎಂಬ ತಮ್ಮ ಹೆಸರಿನ ಮುಂದೆ ರಾಯರು ಐದು ನಿಮಿಷ ನಿಂತರು. ಕಾಗುಣಿತ ಕೂಡ ಸರಿಯಿತ್ತು. ಸತ್ತರೂ ಚಿಂತೆಯಿಲ್ಲ ಅನ್ನಿಸಿತು, ಆದರೆ ಆರು ಗಂಟೆಯ ಮೇಲೆ.

ಒಳಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹ್ಯಾಮಿಶ್ ಚೀಲದಿಂದ ಇನ್ನೊಂದು ಕಿಲ್ಟ್ ತೆಗೆದು ಹಿಡಿದ. ತೀರಿಕೊಂಡ ತನ್ನ ಅಣ್ಣನದಂತೆ. ಜೋಡಿ ಎಂದ ಮೇಲೆ ಉಡುಪೂ ಜೋಡಿ ಇರಬೇಡವೇ? ರಾಯರಿಗೂ ಆಸೆಯಾಯಿತು. ಉಟ್ಟರು. ಕನ್ನಡಿಯಲ್ಲಿ ನೋಡಿಕೊಂಡಾಗ ಹೊಳೆದದ್ದು ಒಂದೇ ಸಂಗತಿ: ನಮ್ಮ ಪಿಟೀಲು ನಿಂತು ನುಡಿಸುವುದಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿ ನುಡಿಸುವುದು. ಮೊಣಕಾಲಿನವರೆಗೆ ಮಾತ್ರ ಬರುವ ಲಂಗದಲ್ಲಿ, ಇನ್ನೂರು ಜನರ ಎದುರು, ಎತ್ತರದ ವೇದಿಕೆಯ ಮೇಲೆ!

ಅಷ್ಟರಲ್ಲಿ ಬಾಗಿಲು ತೆರೆಯಿತು. ಅನಸೂಯಮ್ಮ. ಎಪ್ಪತ್ತೊಂದು ವರ್ಷ, ಕೆನ್ನೀಲಿ ರೇಷ್ಮೆ ಸೀರೆ, ಹೆಗಲ ಮೇಲೆ ಜರಿ ಶಾಲು.

“ಇದೇನ್ರೀ ಲಕ್ಷ್ಮೀಶ? ಲಂಗ?”

“ಕಿಲ್ಟ್ ಅಂತಾರೆ ಅನಸೂಯಮ್ಮ. ಗಂಡಸರೇ ಉಟ್ಕೊಳ್ಳೋದು.”

“ಉಟ್ಕೊಳ್ಳಲಿ ಬಿಡಿ. ಇದನ್ನ ಉಟ್ಕೊಂಡು ಸ್ಟೇಜ್ ಮೇಲೆ ಕೂತ್ಕೋತೀರಾ? ಮುಂದಿನ ಸಾಲಲ್ಲಿ ನಾನಿರ್ತೀನಿ, ನನ್ನ ಮಗಳಿರ್ತಾಳೆ!”

ರಾಯರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪ್ಯಾಂಟು ಮತ್ತೆ ಹಾಕಿಕೊಳ್ಳೋಣವೆಂದರೆ, ಹ್ಯಾಮಿಶನ ಮುಖದಲ್ಲಿ ಅಣ್ಣನ ನೆನಪು ತುಂಬಿ ನಿಂತಿತ್ತು. ಅನಸೂಯಮ್ಮ ತಮ್ಮ ಹೆಗಲ ಶಾಲು ತೆಗೆದು ರಾಯರ ಕೈಗಿಟ್ಟರು. “ಮಡಿಲ ಮೇಲೆ ಹಾಸ್ಕೊಳ್ಳಿ. ಮಾನ ಮುಚ್ಚುತ್ತೆ.”

ರಾಯರು ಶ್ರುತಿ ಪೆಟ್ಟಿಗೆಯನ್ನು ಮುಂದೆ ಚಾಚಿದರು. “ತ್ರಿವಿಕ್ರಮ ಕೊಟ್ಟು ಕಳಿಸಿದ್ದು.” ಆಮೇಲೆ, ಬೈಸಿಕೊಳ್ಳಲು ಸಿದ್ಧವಾಗಿ, “ನಿಮಗೆ ಮೊದಲೇ ಹೇಳ್ಬೇಕಿತ್ತು…” ಎಂದರು.

“ಬೇಜಾರಾಯ್ತು, ಸುಳ್ಳು ಹೇಳಲ್ಲ,” ಎಂದರು ಅನಸೂಯಮ್ಮ. “ಆದ್ರೆ ರೀ, ಇಪ್ಪತ್ತೆರಡು ವರ್ಷ ನೀವು ನಂಗೆ ನುಡಿಸಿದ್ರಿ. ಒಂದಿನ ನಾನು ಕೆಳಗೆ ಕೂತು ಕೇಳ್ಬೇಡ್ವಾ? ಪೆಟ್ಟಿಗೆ ಇವತ್ತು ನಿಮ್ಹತ್ರಾನೇ ಇರ್ಲಿ. ಆನ್ ಮಾಡ್ಕೊಂಡು ಕೂತ್ಕೊಳ್ಳಿ. ಒಳ್ಳೇದಾಗ್ಲಿ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳ್ಳೆಯವರ ಮೇಲೆ ಇಪ್ಪತ್ತೆರಡು ವರ್ಷ ಹೊಟ್ಟೆ ಉರಿದುಕೊಂಡವನ ಪಾಡು ಯಾರಿಗೂ ಬೇಡ. ರಾಯರು ತಲೆ ತಗ್ಗಿಸಿ ಶಾಲು ಮಡಚಿಕೊಂಡರು.

ಐದು ಗಂಟೆಗೆ ಕೂಟದ ಮುಖ್ಯಸ್ಥೆ ಮಾರ್ಗರೆಟ್ ಮೈಕಿನಲ್ಲಿ ಕೂಗಿದಳು: “ಲಕ್ಷ್ಮೀಶ ಅಂಡ್ ಹ್ಯಾಮಿಶ್!” ತಮ್ಮ ಹೆಸರು ಮೊದಲು ಬಂದದ್ದನ್ನು ರಾಯರು ಎರಡು ಕಿವಿಯಲ್ಲೂ ಕೇಳಿಸಿಕೊಂಡರು. ಚಪ್ಪಾಳೆ ಬಿತ್ತು. ವೇದಿಕೆಯ ಜಮಖಾನೆಯ ಮೇಲೆ ಕೂತು, ಮಡಿಲಿಗೆ ಶಾಲು ಹಾಸಿ, ಪಿಟೀಲು ಪಾದಕ್ಕೆ ಊರಿದರು. ಹ್ಯಾಮಿಶ್ ಪಕ್ಕದ ಕುರ್ಚಿಯಲ್ಲಿ. ಪೆಟ್ಟಿಗೆಯ ಗುಂಡಿ ಅನಸೂಯಮ್ಮನವರ ಶ್ರುತಿಗೇ ಕಚ್ಚಿಕೊಂಡಿತ್ತು, ಅಕಾರ್ಡಿಯನ್ನಿಗೂ ಅದು ಹೊಂದುತ್ತಿತ್ತು. ಗುಂಯ್ ಎಂಬ ನಾದ ಸಭೆಯನ್ನು ತುಂಬಿತು.

ರಾಯರು ಹ್ಯಾಮಿಶನನ್ನು ನೋಡಿದರು. ಹ್ಯಾಮಿಶ್ ರಾಯರನ್ನು ನೋಡಿದ.

ರಾಯರು ನಕ್ಕರು. ಹ್ಯಾಮಿಶನೂ ನಕ್ಕ.

ಹ್ಯಾಮಿಶ್ ಸಣ್ಣಗೆ ತಲೆಯಾಡಿಸಿದ. ಅದು ರಾಯರಿಗೆ ಚೆನ್ನಾಗಿ ಗೊತ್ತಿದ್ದ ತಲೆಯಾಟ. ‘ತಾವು ಎತ್ತಿಕೊಳ್ಳಿ, ನಾನು ಹಿಂದೆಯೇ ಬರುತ್ತೇನೆ’ ಎಂದು ಐವತ್ತೆರಡು ವರ್ಷ ಅವರೇ ಮಾಡಿಕೊಂಡು ಬಂದದ್ದು. ಅವರೂ ತಿರುಗಿ ಅದೇ ರೀತಿ ತಲೆಯಾಡಿಸಿದರು. ಹತ್ತು ಸೆಕೆಂಡು ಹೋಯಿತು. ಇಪ್ಪತ್ತಾಯಿತು. ಅಯ್ಯೋ ದೇವರೇ, ಇಷ್ಟು ದಿನ ಯಾರು ಶುರು ಮಾಡುತ್ತಿದ್ದರು? ಇವನೂ ಅಲ್ಲ, ನಾನೂ ಅಲ್ಲ. ಹೇಮಲತಾ! ಅವಳು ‘ಶುರು ಮಾಡ್ರೀ’ ಎಂದಾಗಲೆಲ್ಲ ಇಬ್ಬರೂ ಅವಳ ದನಿಯ ಬೆನ್ನು ಹಿಡಿದೇ ಎದ್ದದ್ದು. ಒಂದು ವರ್ಷ ಇಬ್ಬರು ಪಕ್ಕವಾದ್ಯದವರು ಒಂದು ಅಡುಗೆಮನೆಗೆ ನುಡಿಸಿದ್ದರು.

“ನೀನು ಶುರು ಮಾಡು,” ಎಂದು ಪಿಸುಗುಟ್ಟಿದರು.

“ಛೆ ಛೆ, ನಿನ್ನ ಹೆಸರು ಮೊದಲು ಇರೋದು,” ಎಂದ ಹ್ಯಾಮಿಶ್.

ಸಭೆಯಲ್ಲಿ ಇದನ್ನು ಧ್ಯಾನ ಎಂದುಕೊಂಡ ಇಬ್ಬರು ಹೆಂಗಸರು ಕಣ್ಣು ಮುಚ್ಚಿದ್ದರು. ಯಾರೋ ಕೆಮ್ಮಿದರು. ಮಾರ್ಗರೆಟ್ ಗಡಿಯಾರ ನೋಡಿಕೊಂಡಳು. ಒಂದು ನಿಮಿಷವಾಯಿತು. ಪೆಟ್ಟಿಗೆ ಮಾತ್ರ ಎಗ್ಗಿಲ್ಲದೆ ಗುಂಯ್‌ಗುಡುತ್ತಿತ್ತು.

ರಾಯರಿಗೆ ಸಿಟ್ಟು ಬಂತು. ತಮ್ಮ ಮೇಲೆ, ತಮ್ಮ ಕುತ್ತಿಗೆಯ ಮೇಲೆ, ಆ ಎಲ್ಲ ಕರಪತ್ರಗಳ ಮೇಲೆ. ಥೂ, ಒಂದು ಸಲ, ಒಂದೇ ಸಲ ಮೊದಲು ನುಡಿಸಲಾರೆನೇ? ಕಣ್ಣು ಮುಚ್ಚಿದರು. ಎಡಕ್ಕೆ ತಿರುಗಿದ್ದ ಕುತ್ತಿಗೆಯನ್ನು ಬಲವಂತವಾಗಿ ನೇರ ಮಾಡಿದರು. ನೋವಾಯಿತು. ಆಗಲಿ. ಉಸಿರೆಳೆದು, ಕಮಾನು ಎತ್ತಿ, ತಂತಿಯ ಮೇಲೆ ಇಟ್ಟರು. ಇನ್ನೇನು ಎಳೆಯಬೇಕು.

“ಸಾ…”

ಮುಂದಿನ ಸಾಲಿನಿಂದ. ಅನಸೂಯಮ್ಮ! ಪಾಪ, ಅವರದೂ ತಪ್ಪಿಲ್ಲ. ಅದೇ ಪೆಟ್ಟಿಗೆ, ಅದೇ ಶ್ರುತಿ, ಅದೇ ಲಕ್ಷ್ಮೀಶ. ಒಂದು ನಿಮಿಷ ಕಾದ ಗಂಟಲು ತಾನಾಗಿ ತೆರೆದುಕೊಂಡಿತ್ತು. ಅದರ ಹಿಂದೆ, ಕರಾರುವಾಕ್ಕಾಗಿ ಅರ್ಧ ಮಾತ್ರೆ ಬಿಟ್ಟು, ರಾಯರ ಕಮಾನು ಮೊಳಗಿತು. ಅದರ ಹಿಂದೆಯೇ ಅಕಾರ್ಡಿಯನ್. ಕೇಳಿದವರು ಯಾರೂ ಇದು ಆಕಸ್ಮಿಕ ಎನ್ನುವಂತಿರಲಿಲ್ಲ.

ಅನಸೂಯಮ್ಮ ಗಾಬರಿಯಿಂದ ಬಾಯಿ ಮುಚ್ಚಿಕೊಂಡರು. ಆದರೆ ಸಭೆ ಆಗಲೇ ಹೋ ಎಂದು ಚಪ್ಪಾಳೆ ತಟ್ಟಿಬಿಟ್ಟಿತ್ತು. ಮುಖ್ಯ ಕಲಾವಿದೆ ಸಭಿಕರ ನಡುವಿನಿಂದ ಎದ್ದು ಬರುವುದು! ಎಂಥ ಕಲ್ಪನೆ! ಮಾರ್ಗರೆಟ್ ಮೈಕ್ ಹಿಡಿದು ಓಡಿಬಂದು, ಕೈಹಿಡಿದು ಅವರನ್ನು ವೇದಿಕೆ ಹತ್ತಿಸಿದಳು. ಈಗ ಕೂರಿಸುವುದು ಎಲ್ಲಿ? ರಾಯರೇ ಜಮಖಾನೆಯ ಮಧ್ಯದಿಂದ ಪಕ್ಕಕ್ಕೆ ಸರಿದರು. ಸರಿದ ಮೇಲೆ ತಾವು ಸರಿದದ್ದು ಅವರಿಗೆ ತಿಳಿಯಿತು.

ಅನಸೂಯಮ್ಮ ಮೋಹನದಲ್ಲಿ ಒಂದು ದೇವರನಾಮ ಎತ್ತಿಕೊಂಡರು. ಹ್ಯಾಮಿಶನ ಬೆರಳುಗಳು ಅದಕ್ಕೆ ಅಜ್ಜನ ಹಳ್ಳಿಯ ಕುಣಿತದ ನಡೆ ಕೊಟ್ಟವು. ರಾಯರ ಪಿಟೀಲು ಇಬ್ಬರನ್ನೂ ಹೊಲಿಯುತ್ತ ಹೋಯಿತು. ಅವರು ಬದುಕಿನಲ್ಲೇ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ. ಕೊನೆಗೆ ಇನ್ನೂರು ಜನ ಎದ್ದು ನಿಂತು ಕಾಲು ಕುಟ್ಟಿದರು. ಮಾರ್ಗರೆಟ್ ಅನಸೂಯಮ್ಮನವರಿಗೆ ಒಂದು ತೋಳು ತುಂಬ ಹೂಗುಚ್ಛ ಕೊಟ್ಟಳು. ರಾಯರಿಗೂ ಹ್ಯಾಮಿಶನಿಗೂ ಫ್ರಿಜ್ ಬಾಗಿಲಿಗೆ ಅಂಟಿಸುವ ಕೊವಾಲಾ ಕರಡಿಯ ಪುಟ್ಟ ಗೊಂಬೆ, ತಲಾ ಒಂದು. “ಇವರಿಬ್ಬರೂ ಸೊಗಸಾಗಿ ಸಹಕರಿಸಿದರು,” ಎಂದಳು, ಇಂಗ್ಲಿಷಿನಲ್ಲಿ.

ಆರೂವರೆಗೆ ಸಿಡ್ನಿ ನಿಲ್ದಾಣದಲ್ಲಿ ವಿಮಾನಕ್ಕೆ ಕಾಯುತ್ತ ಕೂತಾಗ ಫೋನು ಗುಂಯ್ ಎಂದಿತು. ತ್ರಿವಿಕ್ರಮ ಹೊಸ ಪೋಸ್ಟರ್ ಹಾಕಿದ್ದ. ನಿವೇದಿತಾ ಕಳಿಸಿದ ಫೋಟೋ. ಮೇಲೆ ದಪ್ಪ ಅಕ್ಷರದಲ್ಲಿ: ‘ವಿದುಷಿ ಅನಸೂಯ ಅವರ ಕೆಲ್ಟಿಕ್ ಕಛೇರಿ. ಮುಂದಿನ ತಿಂಗಳು ಮೆಲ್ಬರ್ನಿನಲ್ಲಿ.’ ಕೆಳಗೆ, ಕನ್ನಡಕ ಏರಿಸಿದರೆ ಕಾಣುವಷ್ಟು: ‘ಪಕ್ಕವಾದ್ಯ: ಹ್ಯಾಮಿಶ್ ಮತ್ತು ಲಕ್ಷ್ಮೀಪತಿ.’ ಎಂಬತ್ತನಾಲ್ಕು ಜನ ಹೆಬ್ಬೆರಳು ಎತ್ತಿದ್ದರು. ಫೋಟೋದಲ್ಲಿ ಅನಸೂಯಮ್ಮ ಸಭೆಯನ್ನು ನೋಡುತ್ತಿದ್ದರು. ಎಡಕ್ಕೊಂದು ಬಲಕ್ಕೊಂದು ಕುತ್ತಿಗೆ ಅವರ ಬಾಯನ್ನೇ ನೋಡುತ್ತಿದ್ದವು.

ಹೇಮಲತಾ ಫೋನ್ ಮಾಡಿ, “ಹೇಗಾಯ್ತು? ಯಾರ್ ಶುರು ಮಾಡಿದ್ರಿ?” ಎಂದರು. ರಾಯರು, “ಮನೆಗ್ ಬಂದ್ ಹೇಳ್ತೀನಿ,” ಎಂದು ಇಟ್ಟರು.

ಬೆನ್ನಿಗೇ ಅನಸೂಯಮ್ಮನವರ ಫೋನ್. ದನಿ ಸಣ್ಣದಾಗಿತ್ತು.

“ಲಕ್ಷ್ಮೀಶ, ನಂಗೆ ತುಂಬಾ ಸಂಕೋಚ ಆಗ್ತಿದೆ. ನಾನು ಬೇಕೂಂತ ಮಾಡಿದ್ದಲ್ಲ ಕಣ್ರೀ. ಇದು ನಿಮ್ಮಿಬ್ಬರ ಪ್ರೋಗ್ರಾಂ. ನೀವು ಒಂದ್ ಮಾತು ಹೇಳಿ ಸಾಕು, ಆ ಮಾರ್ಗರೆಟ್‌ಗೂ ತ್ರಿವಿಕ್ರಮನಿಗೂ ನಾನೇ ಹೇಳ್ಬಿಡ್ತೀನಿ, ನಾನು ಹಾಡಲ್ಲ, ಅವರೇ ನುಡಿಸ್ತಾರೆ ಅಂತ. ಹೇಳಿ.”

ರಾಯರು ಎದ್ದು ನಿಂತರು. ಐವತ್ತೆರಡು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಒಂದೇ ಮಾತು. ‘ಹೌದು’ ಎಂದರೆ ಸಾಕು. ನಾಲಗೆಯ ತುದಿಗೆ ಬಂದಿತ್ತು. ಉಸಿರೆಳೆದರು. ಎಳೆದೇ ಇದ್ದರು. ಆ ಕಡೆ ಅನಸೂಯಮ್ಮ ಕಾದರು, ಕಾದರು, ಎಷ್ಟು ಹೊತ್ತು ಕಾದಾರು?

“ಹಾಗಾದ್ರೆ… ಬುಧವಾರ ರಿಹರ್ಸಲ್ ಇಟ್ಕೊಳ್ಳೋಣ್ವಾ?” ಎಂದರು.

“ಇಟ್ಕೊಳ್ಳೋಣ,” ಎಂದರು ಲಕ್ಷ್ಮೀಶರಾಯರು, ಅರ್ಧ ಮಾತ್ರೆ ಹಿಂದೆ. ಪಕ್ಕದಲ್ಲಿ ಕೂತಿದ್ದ ಹ್ಯಾಮಿಶ್, ಕನ್ನಡದ ಒಂದಕ್ಷರವೂ ಅರ್ಥವಾಗದಿದ್ದರೂ, ಅವರ ಬಾಯನ್ನು ನೋಡುತ್ತ ತಲೆಯಾಡಿಸಿದ.